ಸುಣ್ಣಕಲ್ಲಿನ ಗುಹೆಯ ನಕ್ಷೆ ತೆಗೆಯುವುದು ಹೇಗೆ

ಮಳೆಗಾಲದಲ್ಲಿ ಈ ಕೆಲಸಕ್ಕೆ ಇಳಿಯಲೇಬೇಡಿ. ಮೇಘಾಲಯದ ಗುಹೆಗಳಿಗೆ ಸರ್ವೇ ತಂಡಗಳು ಫೆಬ್ರವರಿ ಸುಮಾರಿಗೆ ಹೋಗುವುದು ಸುಮ್ಮನೆ ಅಲ್ಲ. ಗುಹೆ ಎಂದರೆ ನೀರು ಮಾಡಿಕೊಂಡ ದಾರಿ. ಮಳೆ ಬಿದ್ದರೆ ಅದೇ ದಾರಿಯಲ್ಲಿ ನೀರು ಮತ್ತೆ ನುಗ್ಗುತ್ತದೆ.

ಅನುಮತಿ ಪಡೆದು, ನಾಲ್ವರು ಹೋಗಿ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿರಬೇಕು, ಇಬ್ಬರು ಹೊರಗೆ ಬರಬೇಕು. ತಲೆಗೆ ಹೆಲ್ಮೆಟ್, ಒಬ್ಬೊಬ್ಬರ ಬಳಿ ಮೂರು ಲೈಟು. ಎಷ್ಟು ಹೊತ್ತಿಗೆ ವಾಪಸ್ಸಾಗುತ್ತೀರಿ ಎಂದು ಹೊರಗಿನವರೊಬ್ಬರಿಗೆ ಹೇಳಿಟ್ಟಿರಿ. ಒಳಗೆ ತಲೆನೋವು, ಏದುಸಿರು ಶುರುವಾದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಿದೆ ಎಂದು ತಿಳಿದು ಕೂಡಲೇ ಹಿಂದಿರುಗಿ. ಲೈಟರ್ ಹಚ್ಚಿ ನೋಡುವ ಪರೀಕ್ಷೆಯನ್ನು ನಂಬಬೇಡಿ. ಜ್ವಾಲೆ ಆರುವುದು ಮುಖ್ಯವಾಗಿ ಆಮ್ಲಜನಕ ತಗ್ಗಿದಾಗ. ಇಂಗಾಲದ ಡೈಆಕ್ಸೈಡ್ ಅಳೆಯುವ ಗ್ಯಾಸ್ ಮೀಟರ್ ಇರಲಿ.

ಬೇಕಾದ್ದು ಕಂಪಾಸ್, ಏರಿಳಿತದ ಕೋನ ಅಳೆಯುವ ಕ್ಲಿನೋಮೀಟರ್, 30 ಮೀಟರಿನ ಫೈಬರ್ ಟೇಪು, ನೀರಿಗೆ ನೆನೆಯದ ಕಾಗದ, ಪೆನ್ಸಿಲ್. (ಡಿಸ್ಟೋಎಕ್ಸ್ ಎಂಬ ಲೇಸರ್ ಉಪಕರಣ ಮೊದಲ ಮೂರರ ಕೆಲಸವನ್ನೂ ಒಂದೇ ಒತ್ತಿಗೆ ಮಾಡುತ್ತದೆ.) ಗುಹೆಯ ಬಾಯಲ್ಲಿ ಜಿಪಿಎಸ್ ಬಿಂದು ಗುರುತಿಸಿ ಶುರುಮಾಡಿ. ಅಲ್ಲಿಂದ ನೇರ ಕಾಣುವಷ್ಟು ದೂರದಲ್ಲಿ, ಅಲುಗಾಡದ ಕಲ್ಲಿನ ಮೂಲೆಯೊಂದನ್ನು ಮುಂದಿನ ಸ್ಟೇಷನ್, ಅಂದರೆ ಅಳತೆಯ ಬಿಂದು, ಮಾಡಿ. ದೂರ, ದಿಕ್ಕು, ಏರಿಳಿತದ ಕೋನ ಅಳೆಯಿರಿ. ಸ್ಟೇಷನ್ನಿನಿಂದ ಎಡಗೋಡೆ, ಬಲಗೋಡೆ, ಚಾವಣಿ, ನೆಲ ಎಷ್ಟು ದೂರ ಎಂದೂ ಬರೆದುಕೊಳ್ಳಿ. ಅಳೆದವರು ಕೂಗಿದ್ದನ್ನು ಬರೆಯುವವರು ತಿರುಗಿ ಹೇಳಲೇಬೇಕು. ಗುಹೆಯ ಸದ್ದಿನಲ್ಲಿ ಅಂಕಿ ತಪ್ಪಿ ಕೇಳುವುದು ಮಾಮೂಲು.

ಕಂಪಾಸಿನ ದೊಡ್ಡ ಶತ್ರು ಅಳೆಯುವವರ ತಲೆಯ ಮೇಲೇ ಇರುತ್ತದೆ: ಹೆಡ್‌ಲ್ಯಾಂಪಿನ ಬ್ಯಾಟರಿ, ಹೆಲ್ಮೆಟ್ಟಿನ ಕಬ್ಬಿಣದ ತುಣುಕು. 1° ತಪ್ಪಿದರೆ 10 ಮೀಟರಿಗೆ 17 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. ತಪ್ಪು ಒಂದೇ ಕಡೆಗಿದ್ದರೆ 200 ಮೀಟರಿಗೆ ಮೂರೂವರೆ ಮೀಟರ್. ಆದ್ದರಿಂದ ಮುಂದಿನ ಸ್ಟೇಷನ್ನಿನಿಂದ ಹಿಂದಿನದರ ದಿಕ್ಕನ್ನೂ ಅಳೆಯಿರಿ. ಎರಡೂ ಅಂಕಿಗಳ ನಡುವೆ ಇರಬೇಕಾದ 180° ಕಳೆದ ಮೇಲೂ ಎರಡಕ್ಕಿಂತ ಹೆಚ್ಚು ಡಿಗ್ರಿ ವ್ಯತ್ಯಾಸ ಉಳಿದರೆ ಮತ್ತೆ ಅಳೆಯಿರಿ.

ಅಂಕಿಗಳಷ್ಟೇ ಮುಖ್ಯವಾದದ್ದು ಅಡ್ಡಕೊಯ್ತದ ಚಿತ್ರ, ಅಂದರೆ ದಾರಿಯನ್ನು ಅಡ್ಡಲಾಗಿ ಕೊಯ್ದರೆ ಕಾಣುವ ಆಕಾರ. ಅದನ್ನು ಅಲ್ಲೇ ಕೂತು, ಸ್ಕೇಲಿಗೆ ಸರಿಯಾಗಿ ಬರೆಯಿರಿ. ಮನೆಗೆ ಬಂದು ನೆನಪಿನಿಂದ ಬರೆದದ್ದು ಕೆಲಸಕ್ಕೆ ಬಾರದು. ಗುಹೆ ಹೇಗಾಯಿತು ಎಂಬುದು ಈ ಆಕಾರದಲ್ಲೇ ಕಾಣುತ್ತದೆ. ಮಣ್ಣಿನಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿಕೊಂಡ ಮಳೆನೀರು ಸೌಮ್ಯ ಆಮ್ಲವಾಗಿ ಕಲ್ಲಿನ ಬಿರುಕು, ಪದರಗಳಲ್ಲಿ ಇಳಿಯುತ್ತ ಸುಣ್ಣವನ್ನು ಕರಗಿಸುತ್ತದೆ. ದಾರಿ ಪೂರ್ತಿ ನೀರು ತುಂಬಿದ್ದ ಕಾಲದಲ್ಲಿ ಎಲ್ಲ ಕಡೆ ಸವೆದು ಗುಂಡು ಕೊಳವೆಯಾಗುತ್ತದೆ; ನೀರಿನ ಮಟ್ಟ ಇಳಿದ ಮೇಲೆ ಹರಿವು ತಳವನ್ನಷ್ಟೇ ಕೊರೆದು ಕಿರಿದಾದ ಕಂದಕ ಮಾಡುತ್ತದೆ. ಮೇಲೆ ಗುಂಡು, ಕೆಳಗೆ ಸೀಳು, ಬೀಗದ ಕಿಂಡಿಯ ಆಕಾರ ಕಂಡರೆ ಎರಡೂ ಕಾಲ ಅಲ್ಲಿ ದಾಖಲಾಗಿವೆ. ಗೋಡೆಯಲ್ಲಿ ಚಮಚದಲ್ಲಿ ಕೆತ್ತಿದಂಥ ಗುಳಿಗಳಿದ್ದರೆ ಮುಟ್ಟಿ ನೋಡಿ: ಕಡಿದಾದ ಅಂಚು ನೀರು ಬಂದ ಕಡೆಗಿರುತ್ತದೆ. ಗುಳಿ ಚಿಕ್ಕದಾದಷ್ಟೂ ಹರಿವು ಬಿರುಸಾಗಿತ್ತು. ಒಣಗಿಹೋದ ಗುಹೆಯಲ್ಲೂ ಹೀಗೆ ಹೊಳೆಯ ದಿಕ್ಕನ್ನು ಬಾಣದ ಗುರುತಿನಿಂದ ನಕ್ಷೆಗೆ ಹಾಕಬಹುದು.

ಚಾವಣಿಯಿಂದ ಇಳಿಬಿದ್ದ ಸುಣ್ಣದ ಕೊಳವೆಗಳನ್ನು ಮಾತ್ರ ಮುಟ್ಟಬೇಡಿ. ಕೈಯ ಜಿಡ್ಡು ತಗುಲಿದ ಜಾಗದಲ್ಲಿ ಸುಣ್ಣ ಕೂರುವುದು ನಿಂತುಹೋಗಬಹುದು. ಹೀಗೆ ಕೂತ ಸುಣ್ಣದ ಪದರಗಳೇ ಹಳೆಯ ಮಳೆಯ ಲೆಕ್ಕ ಕೊಡುತ್ತವೆ: ಉತ್ತರ ಕನ್ನಡದ ಅಕಳಗವಿಯ ಸುಣ್ಣದ ಶಿಲೆಯಿಂದ 331 ವರ್ಷಗಳ ಮುಂಗಾರನ್ನು ಓದಲಾಗಿದೆ. ಮೇಘಾಲಯದ ಮಾಮ್ಲು ಗುಹೆಯ ಶಿಲೆ 2018ರಲ್ಲಿ ಭೂಮಿಯ ಇತಿಹಾಸದ ಒಂದು ಅವಧಿಗೆ ಮೇಘಾಲಯನ್ ಎಂಬ ಹೆಸರನ್ನೇ ತಂದುಕೊಟ್ಟಿತು.

ಎರಡು ದಾರಿ ಕೂಡುವಲ್ಲಿ ಸುತ್ತು ಮುಗಿಸಿ, ಆ ಸುತ್ತು ಶುರುವಾದ ಸ್ಟೇಷನ್ನಿಗೇ ಬನ್ನಿ. ಅದೇ ರಾತ್ರಿ ಅಂಕಿಗಳನ್ನು ಗುಹೆ ಸರ್ವೇಯ ಸರ್ವೆಕ್ಸ್ ತಂತ್ರಾಂಶಕ್ಕೆ ಹಾಕಿ. ಸುತ್ತಿನ ಕೊನೆ ಶುರುವಿನ ಬಿಂದುವಿಗೇ ಬಂದು ಕೂಡಬೇಕು. ಸುತ್ತಿನ ಉದ್ದದ ಶೇ. 2ಕ್ಕಿಂತ ಹೆಚ್ಚು ತಪ್ಪು ಕಂಡರೆ ಅದನ್ನು ಹಂಚಿಹಾಕಿ ಮುಚ್ಚಬೇಡಿ. ಹಿಂದುಮುಂದಾಗಿ ಓದಿದ ದಿಕ್ಕೋ, ಏರು ಇಳಿತದ ಚಿಹ್ನೆಯೋ ಎಲ್ಲಿ ತಪ್ಪಿದೆ ಹುಡುಕಿ, ಮಾರನೆಯ ದಿನ ಹೋಗಿ ಆ ಭಾಗವನ್ನು ಮತ್ತೆ ಅಳೆಯಿರಿ.