ಸ್ಟ್ರಿಪ್‌ನಲ್ಲಿ ಉಳಿದ ಗುಳಿಗೆಗಳು

ದಾವಣಗೆರೆಯ ಆಸ್ಪತ್ರೆಯೊಂದರ ಮೆಡಿಸಿನ್ ವಾರ್ಡ್‌ನಲ್ಲಿ ನಾನು ಸ್ಟಾಫ್ ನರ್ಸ್. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾಡಿದ ಒಂದು ತಪ್ಪು ಬೆಳಿಗ್ಗೆ ಗುಳಿಗೆ ಟ್ರೇ ಹಿಡಿದಾಗಲೆಲ್ಲ ಈಗಲೂ ನೆನಪಾಗುತ್ತದೆ. ಎದೆಬಡಿತ ಏರುಪೇರಾಗಿದ್ದ ಯಜಮಾನರೊಬ್ಬರಿಗೆ ಡಿಗಾಕ್ಸಿನ್, ಅಂದರೆ ಎದೆಬಡಿತ ನಿಧಾನಿಸುವ ಗುಳಿಗೆ, ಕೊಡಬೇಕಿತ್ತು. 15 ಸೆಕೆಂಡು ನಾಡಿ ಹಿಡಿದೆ, 16 ಬಂತು. ನಾಲ್ಕರಿಂದ ಗುಣಿಸಿ 64 ಎಂದು ಬರೆದೆ. ಹಿರಿಯ ಸಿಸ್ಟರ್ ಎದೆಯ ಎಡಭಾಗಕ್ಕೆ ಸ್ಟೆತಸ್ಕೋಪ್ ಇಟ್ಟು, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದರು: 52. 60ಕ್ಕಿಂತ ಕಡಿಮೆ ಇದ್ದರೆ ಆ ಗುಳಿಗೆ ಕೊಡದೆ ಡಾಕ್ಟರಿಗೆ ತಿಳಿಸಬೇಕು. ವಿಚಾರಿಸಿದರೆ ಯಜಮಾನರಿಗೆ ಎರಡು ದಿನದಿಂದ ವಾಕರಿಕೆ, ಊಟ ಸೇರುತ್ತಿರಲಿಲ್ಲ. ಆಸ್ಪತ್ರೆ ಊಟ ಒಗ್ಗಿಲ್ಲ ಅಂತ ನಾನು ಅಂದುಕೊಂಡಿದ್ದೆ. ಡಿಗಾಕ್ಸಿನ್ ಮೈಯಲ್ಲಿ ಹೆಚ್ಚಾದಾಗಲೂ ಹೀಗೇ ಆಗುತ್ತದೆ. ಜೊತೆಗೆ ಮೈಯಲ್ಲಿ ನಿಂತ ನೀರನ್ನು ಮೂತ್ರವಾಗಿ ಇಳಿಸುವ ಲ್ಯಾಸಿಕ್ಸ್ ಗುಳಿಗೆ ನಡೆದಿದ್ದರೆ ಮೂತ್ರದಲ್ಲಿ ಪೊಟ್ಯಾಸಿಯಂ ಹೋಗಿ ಅಪಾಯ ಇನ್ನೂ ಜಾಸ್ತಿ. ಅಂದಿನಿಂದ ನಾನು ಪೂರ್ತಿ ನಿಮಿಷ ಎಣಿಸದೆ ಆ ಗುಳಿಗೆ ಕೊಟ್ಟಿಲ್ಲ.

ಬಿಪಿ ನೋಡುವಾಗಲೂ ಅವಸರ ಮಾಡುವುದಿಲ್ಲ. ಮೆಟ್ಟಿಲು ಹತ್ತಿ ಬಂದವರನ್ನು ಐದು ನಿಮಿಷ ಕೂರಿಸುತ್ತೇನೆ. ಕಾಲು ನೆಲಕ್ಕೆ ಊರಿರಬೇಕು, ತೋಳು ಎದೆಯ ಮಟ್ಟಕ್ಕಿರಬೇಕು, ಮಾತು ಬೇಡ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಕಾಣುತ್ತದೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಮನೆಗೆ ಹೋದ ಮೇಲಿನ ಗುಳಿಗೆಗಳು. ಜಗಳೂರು ಕಡೆಯ ಅಜ್ಜಿಯೊಬ್ಬರು ವರ್ಷದಲ್ಲಿ ಮೂರನೇ ಸಲ ಏದುಸಿರು ಬಿಡುತ್ತಾ, ಕಾಲು ಬಾತು ಬಂದು ಸೇರಿದ್ದರು. ಕೇಸ್ ಶೀಟ್‌ನಲ್ಲಿ ‘ಗುಳಿಗೆ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ’ ಎಂದಷ್ಟೇ ಇತ್ತು. ಅವರ ಚೀಲ ಬಿಚ್ಚಿಸಿ ನೋಡಿದೆ. ಬಿಪಿ ಗುಳಿಗೆಯ ಸ್ಟ್ರಿಪ್ ಖಾಲಿ, ಲ್ಯಾಸಿಕ್ಸ್ ಮಾತ್ರ ಅಲ್ಲಲ್ಲಿ ಉಳಿದಿತ್ತು.

“ಅಜ್ಜಿ, ಇವಷ್ಟೇ ಯಾಕೆ ಉಳ್ದಾವು?”

“ಸಂತಿ ದಿನ ನುಂಗಲ್ಲವ್ವ. ಬಸ್ನಾಗೆ ಕುಂತ್ರೆ ಎಲ್ಲಿ ಇಳಿಯಾದು?”

ಮೂರು ಸಲ ಸೇರಿಸಿಕೊಂಡರೂ ಈ ಪ್ರಶ್ನೆಯನ್ನು ನಾವ್ಯಾರೂ ಕೇಳಿರಲಿಲ್ಲ. ಲ್ಯಾಸಿಕ್ಸ್ ನುಂಗಿದ ಒಂದು ಗಂಟೆಯೊಳಗೆ ಮೂತ್ರ ಶುರುವಾಗಿ ಆರು ಗಂಟೆಯಷ್ಟು ಹೊತ್ತು ನಡೆಯುತ್ತದೆ. ಜಗಳೂರಿನ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಅದು ಎಂಥ ಕಷ್ಟ ಅಂತ ನಮಗೆ ಹೊಳೆಯಬೇಕಿತ್ತು. ಡಾಕ್ಟರನ್ನು ಕೇಳಿದೆ. ಪ್ರಯಾಣದ ದಿನ ಊರಿಗೆ ಮರಳಿದ ಮೇಲೆ, ಸಂಜೆ ಆಗುವುದರೊಳಗೆ ನುಂಗಲಿ ಅಂತ ಬರೆದುಕೊಟ್ಟರು.

ಸೊಸೆಯನ್ನು ಕರೆದು ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತುವುದನ್ನು ತೋರಿಸಿದೆ. ಐದು ಸೆಕೆಂಡು ಒತ್ತಿ ಬಿಟ್ಟರೆ ಕುಳಿ ಹಾಗೇ ಉಳಿಯಿತು. “ದಿನಾ ಬೆಳಿಗ್ಗೆ ನೋಡಮ್ಮ, ಕುಳಿ ಆಳ ಆದ್ರೆ ಕಾಯಬ್ಯಾಡ, ಕರ್ಕೊಂಡು ಬಾ” ಅಂದೆ. ಉಪ್ಪಿನಕಾಯಿ, ಹಪ್ಪಳ, ಕರಿದ ಮಜ್ಜಿಗೆ ಮೆಣಸಿನಕಾಯಿ ಬಿಡಿಸುವುದು ಮಾತ್ರ ಕಷ್ಟವಾಯಿತು. ಇಡೀ ದಿನಕ್ಕೆ ಒಂದು ಟೀ ಚಮಚ ಉಪ್ಪು ಅಂದರೆ ಸೊಸೆ ನಂಬಲೇ ಇಲ್ಲ. ಮಂಡಕ್ಕಿಯಲ್ಲೂ ಉಪ್ಪಿದೆ ಅಂದಾಗ ಅಜ್ಜಿ ಮುಖ ತಿರುಗಿಸಿದರು.

ಮುಂದಿನ ತಿಂಗಳು ತಪಾಸಣೆಗೆ ಬಂದವರು ಕೇಳುವ ಮೊದಲೇ ಸೆರಗಿನ ಗಂಟು ಬಿಚ್ಚಿ ಸ್ಟ್ರಿಪ್ ನನ್ನ ಕೈಗಿಟ್ಟರು. ಎರಡು ಉಳಿದಿದ್ದವು. ಕೊಟ್ಟೂರು ತೇರಿಗೆ ಹೋಗಿದ್ದರಂತೆ.