ಶಾಸಕರ ಮೇಜಿನ ಮೇಲೆ ಸ್ವರ್ಣಾ ನದಿ

ಶಾಸಕರ ಬಳಿ ಮೊದಲ ಸಲ ಹೋದಾಗ ಹನ್ನೊಂದು ಪುಟದ ಮನವಿ ಒಯ್ದಿದ್ದೆ. ಪ್ರೌಢಶಾಲೆಯಲ್ಲಿ ಭೂಗೋಳಕ್ಕೆ ಬೇರೆ ಶಿಕ್ಷಕರು, ನಕ್ಷೆ ಓದುವ ತರಗತಿ, ಪಿಯು ಕಾಲೇಜುಗಳಲ್ಲಿ ಭೂಗೋಳ ವಿಷಯ ಎಂದೆಲ್ಲ ಹದಿನಾಲ್ಕು ಬೇಡಿಕೆ. ಶಾಸಕರು ಒಂದು ಪುಟ ತಿರುವಿ, "ಒಳ್ಳೆಯ ವಿಚಾರ ಮಾಸ್ಟ್ರೇ" ಎಂದು ಆಪ್ತ ಸಹಾಯಕರ ಕೈಗೆ ದಾಟಿಸಿದರು. ಅವರು ಅದನ್ನು ಮದುವೆ ಕರೆಯೋಲೆಗಳ ಕಂತೆಯ ಮೇಲಿಟ್ಟರು. ಯಾರನ್ನು ದೂರಲಿ? ಆ ಮನವಿಯನ್ನು ನನಗೇ ಎರಡನೇ ಸಲ ಓದಲಾಗಲಿಲ್ಲ.

ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನಗಳ ಜತೆ ಭೂಗೋಳವೂ ಒಂದು ಪಾಲು. ಆರನ್ನೂ ಒಬ್ಬರೇ ಕಲಿಸಬೇಕು. ನಾನೂ ಇತಿಹಾಸದ ಎಂ.ಎ.; ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆ ಓದಲು ಕಲಿತದ್ದು ಕೆಲಸಕ್ಕೆ ಸೇರಿ ಏಳು ವರ್ಷದ ಮೇಲೆ.

ಎರಡನೇ ಸಲ ಹೋದದ್ದು ಉಡುಪಿಯಲ್ಲಿ 2020ರ ಸೆಪ್ಟೆಂಬರ್ ನೆರೆ ಇಳಿದ ಮೇಲೆ. ಮನವಿ ಒಯ್ಯಲಿಲ್ಲ. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಟೋಪೋಶೀಟ್‌ಗಳನ್ನು, ಅಂದರೆ ನೆಲದ ಏರಿಳಿತ, ನದಿ, ಊರು ತೋರಿಸುವ ನಕ್ಷೆಯ ಹಾಳೆಗಳನ್ನು, ಅಂಟಿಸಿ, ಸುರುಳಿ ಸುತ್ತಿ ಒಯ್ದೆ. ಮೇಜಿನ ಮೇಲೆ ಹರಡಿ, ಮೂಲೆಗಳಿಗೆ ಚಹಾದ ಲೋಟ ಇಟ್ಟು ಸುಮ್ಮನೆ ಕುಳಿತೆ.

"ನಮ್ಮ ಮನೆ ಎಲ್ಲಿ ಬರುತ್ತದೆ?" ಎಂದರು. ಯಾರೇ ಆಗಲಿ, ನಕ್ಷೆಯಲ್ಲಿ ಮೊದಲು ಹುಡುಕುವುದು ಅದನ್ನೇ. ಆಮೇಲೆ ಅವರ ಬೆರಳು ಸ್ವರ್ಣೆಯನ್ನು ಹಿಡಿಯಿತು. ಕಾರ್ಕಳದ ಕಡೆಯ ಘಟ್ಟ, ಬಜೆ ಅಣೆಕಟ್ಟು, ಕಲ್ಯಾಣಪುರ, ಸೀತಾ ನದಿಯನ್ನು ಕೂಡಿಕೊಂಡು ಕೋಡಿ ಬೆಂಗ್ರೆಯಲ್ಲಿ ಕಡಲು.

"ಘಟ್ಟದಲ್ಲಿ ಇಷ್ಟು ಗೆರೆ, ಇಲ್ಲಿ ಗೆರೆಯೇ ಇಲ್ಲವಲ್ಲ?"

"ಒಂದು ಗೆರೆಯಿಂದ ಮುಂದಿನದಕ್ಕೆ 20 ಮೀಟರ್ ಎತ್ತರ. ಗೆರೆ ಇಲ್ಲದಲ್ಲಿ ನೆಲ ಸಪಾಟು. ಮೊನ್ನೆ ನೀರು ನಿಂತದ್ದು ಅಲ್ಲೇ."

ಸ್ವಲ್ಪ ಹೊತ್ತು ನೋಡಿದರು. "ಇದನ್ನು ಮಕ್ಕಳಿಗೆ ಕಲಿಸುವುದಿಲ್ಲವೇ?"

"ಶಾಲೆಯಲ್ಲಿ ಈ ಹಾಳೆ ಇದ್ದರಲ್ಲವೇ ಕಲಿಸುವುದು?"

ಆಗ ಒಂದೇ ಒಂದು ಚೀಟಿ ಕೊಟ್ಟೆ. ಅದರಲ್ಲಿದ್ದದ್ದು ಸದನಕ್ಕೆ ಒಪ್ಪುವ ಒಂದು ಪ್ರಶ್ನೆ: ಜಿಲ್ಲೆಯ ಎಷ್ಟು ಪ್ರೌಢಶಾಲೆಗಳಲ್ಲಿ ಸ್ಥಳೀಯ ಟೋಪೋಶೀಟ್ ಇದೆ, ಎಷ್ಟು ಶಿಕ್ಷಕರಿಗೆ ಅದನ್ನು ಓದುವ ತರಬೇತಿಯಾಗಿದೆ? ಲಿಖಿತ ಉತ್ತರ ಬರುವ, ಚುಕ್ಕೆ ಗುರುತಿಲ್ಲದ ಪ್ರಶ್ನೆಯೇ ಸಾಕು ಎಂದೆ. ಚುಕ್ಕೆ ಗುರುತಿನದಕ್ಕೆ ಸದನದಲ್ಲಿ ಬಾಯಿಮಾತಿನ ಉತ್ತರ, ಉಪಪ್ರಶ್ನೆ ಎಲ್ಲ ಉಂಟು, ಆದರೆ ಗದ್ದಲದಲ್ಲಿ ಹೊತ್ತು ಹೋದರೆ ಆ ಬಾಯಿಮಾತಿನ ಅವಕಾಶವೂ ಹೋಯಿತು. ನನಗೆ ಬೇಕಾದದ್ದು ಕಾಗದದ ಮೇಲಿನ ಅಂಕಿ. "ಖರ್ಚೆಷ್ಟು?" ಎಂದು ಕೇಳಿದರು. ಸರ್ವೇಕ್ಷಣ ಇಲಾಖೆ ಸಾರ್ವಜನಿಕರಿಗೆ ಬಿಟ್ಟಿರುವ ಓಪನ್ ಸೀರೀಸ್ ಹಾಳೆಗಳು ಅದರ ಜಾಲತಾಣದಲ್ಲಿ ಉಚಿತ, ಮುದ್ರಣದ ಖರ್ಚಷ್ಟೇ ಎಂದೆ. ಮುಖ ಅರಳಿತು.

ಇದಕ್ಕೂ ಮುಂಚೆ ಸಂಸದರಿಗೆ ಪತ್ರ ಬರೆಯುತ್ತ ಆರು ತಿಂಗಳು ಕಳೆದಿದ್ದೆ. 1976ರ 42ನೇ ತಿದ್ದುಪಡಿಯಿಂದ ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿದೆ, ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದು, ನಿಜ. ಆದರೆ ನಮ್ಮ ಶಾಲೆಗಳ ಪಠ್ಯ, ಹುದ್ದೆ, ಅವಧಿಗಳನ್ನು ನಿರ್ಧರಿಸುವುದು ಬೆಂಗಳೂರು. ಬಾಗಿಲು ತಟ್ಟುವ ಮೊದಲು ಮನೆ ಯಾವುದೆಂದು ನೋಡಿಕೊಳ್ಳಬೇಕಿತ್ತು. ಭೂಗೋಳದ ಮಾಸ್ಟ್ರು ಬೇರೆ.

ಮುಂದಿನ ಅಧಿವೇಶನದ ಹೊತ್ತಿಗೆ ಅವರೇ ಫೋನ್ ಮಾಡಿದರು. "ಮಾಸ್ಟ್ರೇ, ಪ್ರಶ್ನೆ ಕಳಿಸಿದ್ದೇನೆ. ಘಟ್ಟದ ಮೇಲಿನ ಹಾಳೆ ಉಂಟೇ? ಇಲ್ಲಿ ಪಕ್ಕದ ಕುರ್ಚಿಯವರಿಗೆ ತಮ್ಮ ಮನೆ ಹುಡುಕಬೇಕಂತೆ."