ಚೀಟಿಗಿಂತ ಮೊದಲು ನಾನೇ ಹೇಳಿದೆ

ಆ ಸರ್ಟಿಫಿಕೇಟ್ ನನ್ನ ಬ್ಯಾಗಿನಲ್ಲಿ ಹನ್ನೊಂದು ದಿನ ಇತ್ತು. ಮಡಚದೆ ನೋಟ್ ಪುಸ್ತಕದ ಒಳಗೆ ಇಟ್ಟಿದ್ದೆ. ಕಾಯಿಲೆಯ ಹೆಸರು ಬರೆಯಬೇಡಿ ಎಂದು ಡಾಕ್ಟರನ್ನು ಕೇಳಿಕೊಂಡಿದ್ದೆ, ಅವರೂ ಬರೆದಿರಲಿಲ್ಲ. ನಮ್ಮಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾಳೆ, ಇಷ್ಟು ದಿನ ವಿಶ್ರಾಂತಿ ಬೇಕಿತ್ತು, ಇಷ್ಟೇ ಇತ್ತು. ಆದರೆ ಕಾಗದದ ತಲೆಯಲ್ಲೇ ದಪ್ಪ ಅಕ್ಷರದಲ್ಲಿ ‘ಸೈಕಿಯಾಟ್ರಿ’, ಅಂದರೆ ಮನೋರೋಗ ವಿಭಾಗ, ಎಂದು ಅಚ್ಚಾಗಿತ್ತು. ಅದನ್ನು ಅಳಿಸಲು ಆಗುತ್ತದಾ?

2022ರ ಮಾತು. ಕಾಸರಗೋಡು ಜಿಲ್ಲೆಯ ಒಂದು ಕಾಲೇಜಿನಲ್ಲಿ ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಹಾಜರಿ 75 ಶೇಕಡಾಕ್ಕಿಂತ ಕೆಳಗೆ ಹೋಗಿತ್ತು. ಪರೀಕ್ಷೆಗೆ ಕೂರಬೇಕಾದರೆ ಕಾಗದ ಕೊಡಲೇಬೇಕು. ಅದು ಕ್ಲಾಸ್ ಟ್ಯೂಟರ್ ಕೈಯಿಂದ ವಿಭಾಗಕ್ಕೆ, ಅಲ್ಲಿಂದ ಆಫೀಸಿಗೆ ಹೋಗುತ್ತದೆ. ದಾರಿಯಲ್ಲಿ ಎಷ್ಟು ಜನ ಓದುತ್ತಾರೋ ಯಾರಿಗೆ ಗೊತ್ತು.

ನನಗಿರುವುದು ಬೈಪೋಲಾರ್, ಮನಸ್ಸು ಒಮ್ಮೆ ಅತಿಯಾಗಿ ಏರಿ ಇನ್ನೊಮ್ಮೆ ಪೂರ್ತಿ ಕುಸಿಯುವ ಕಾಯಿಲೆ. ಮೊದಲ ಸಲ ಬಂದದ್ದು ಪ್ಲಸ್ ವನ್‌ನಲ್ಲಿ, ಅಂದರೆ ಹನ್ನೊಂದನೇ ತರಗತಿಯಲ್ಲಿದ್ದಾಗ. ವಾರಗಟ್ಟಲೆ ಎರಡು ಮೂರು ಗಂಟೆ ಮಾತ್ರ ನಿದ್ದೆ, ಆದರೂ ಆಯಾಸವೇ ಇಲ್ಲ. ಮಾತು ನಿಲ್ಲುತ್ತಿರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಹಾಸಿಗೆಯಿಂದ ಏಳಲು ಆಗದ ಸ್ಥಿತಿ. ಮಂಗಳೂರಿನಲ್ಲಿ ತೋರಿಸಿದೆವು. ಆ ಏರಿಳಿತ ತಡೆಯುವ ಲಿಥಿಯಂ ಮಾತ್ರೆ ಶುರುವಾಯಿತು.

ಶಾಲೆಗೆ ಮರಳಿದ ದಿನ ಅಮ್ಮ ನನ್ನ ಜೊತೆ ಬಂದು ಕ್ಲಾಸ್ ಟೀಚರಿಗೆ ಎಲ್ಲ ಹೇಳಿದರು. ರೋಗದ ಹೆಸರು, ಮಾತ್ರೆಯ ಹೆಸರು, ರಾತ್ರಿ ನಾನು ಹಾಡುತ್ತಿದ್ದದ್ದು, ಎಲ್ಲ. ಟೀಚರ್ ಮರುಕದಿಂದಲೇ ಕೇಳಿದರು. ಆ ಮರುಕದಲ್ಲೇ ಅದು ಸ್ಟಾಫ್ ರೂಮಿಗೂ ಹೋಯಿತು. ಮುಂದಿನ ವಾರ ನನ್ನ ಹಿಂದಿನ ಬೆಂಚಿನಲ್ಲಿ ‘ವಟ್ಟ್’ ಎಂಬ ಮಲಯಾಳ ಮಾತು ಕೇಳಿಸಿತು. ಊರಿನಲ್ಲಿ ಅದಕ್ಕೆ ‘ಮಂಡೆ ಸಮ ಇಲ್ಲ’ ಎನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಭಾಷೆ ಎಷ್ಟಿದೆಯೋ ಅಷ್ಟೂ ಭಾಷೆಯಲ್ಲಿ ಇದಕ್ಕೊಂದು ಬೈಗುಳ ಇದೆ. ಮೆಲ್ಲನೆ ಹೇಳಿಕೊಳ್ಳಬಹುದಾದ ಒಂದು ಮಾತು ಮಾತ್ರ ನನಗೆ ಸಿಕ್ಕಿರಲಿಲ್ಲ.

ಎರಡನೇ ಸಲ ನನ್ನ ವಿಷಯ ಹೊರಗೆ ಬಂದದ್ದು 2020ರ ಮಾರ್ಚ್‌ನಲ್ಲಿ, ಕೊರೋನಾದಿಂದ ಕರ್ನಾಟಕಕ್ಕೆ ದಾಟುವ ತಲಪಾಡಿ ಗಡಿ ಮುಚ್ಚಿದಾಗ. ನಮ್ಮ ಕಡೆಯವರಿಗೆ ಆಸ್ಪತ್ರೆ ಅಂದರೆ ಮಂಗಳೂರು, ಅಲ್ವಾ? ದಾಟಲು ಬಿಡಲಿಲ್ಲ. ಡಬ್ಬಿಯಲ್ಲಿ ಒಂಬತ್ತು ದಿನದ ಮಾತ್ರೆ ಉಳಿದಿತ್ತು. ಲಿಥಿಯಂ ಒಮ್ಮೆಗೇ ನಿಲ್ಲಿಸುವ ಮದ್ದಲ್ಲ, ಕಾಯಿಲೆ ಮತ್ತೆ ಕೆರಳುತ್ತದೆ. ಅಪ್ಪ ಚೀಟಿಯ ಫೋಟೋ ತೆಗೆದು ನಾಲ್ಕಾರು ಜನರಿಗೆ ವಾಟ್ಸಾಪ್ ಮಾಡಿದರು. ಮಾತ್ರೆ ಸಿಕ್ಕಿತು, ಆ ಉಪಕಾರ ಮರೆಯುವುದಿಲ್ಲ. ಆದರೆ ಆ ಫೋಟೋ ಯಾರ್ಯಾರ ಫೋನಿಗೆ ಹೋಯಿತು ಎಂದು ಇವತ್ತಿಗೂ ಗೊತ್ತಿಲ್ಲ. ಒಮ್ಮೆ ಅಮ್ಮ ಹೇಳಿದರು, ಇನ್ನೊಮ್ಮೆ ಚೀಟಿ ಹೇಳಿತು. ನಾನು ಒಮ್ಮೆಯೂ ಹೇಳಿರಲಿಲ್ಲ.

ಹಾಗಾಗಿ ಕಾಲೇಜಿನಲ್ಲಿ ಕಾಗದ ಕೊಡುವ ಮೊದಲು ನಾನೇ ಹೇಳಬೇಕು ಅನಿಸಿತು. ಅಮ್ಮ ಒಪ್ಪಲಿಲ್ಲ. “ಟೈಫಾಯ್ಡ್ ಅಂತ ಹೇಳು ಮಗಳೇ. ನಾಳೆ ಸಂಬಂಧ ಬರುವಾಗ ಯಾರಾದರೂ ಕಾಲೇಜಿನಲ್ಲಿ ವಿಚಾರಿಸಿದರೆ?” ಎಂದರು. ಅವರ ಹೆದರಿಕೆ ಸುಮ್ನೆ ಅಲ್ಲ, ಹಾಗೆ ಮುರಿದುಹೋದ ಸಂಬಂಧಗಳನ್ನು ಅವರು ನೋಡಿದವರು. ಆದರೆ ಟೈಫಾಯ್ಡ್ ಒಂದು ಸಲ ಬಂದು ಹೋಗುತ್ತದೆ. ನಾನು ರಕ್ತದಲ್ಲಿ ಲಿಥಿಯಂ ಎಷ್ಟಿದೆ ಎಂದು ನೋಡಲು ಕೆಲವು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಹೋಗಬೇಕು. ರಾತ್ರಿ ಮಾತ್ರೆ ತಿಂದು ಹನ್ನೆರಡು ಗಂಟೆ ಕಳೆದ ಮೇಲೆ ರಕ್ತ ತೆಗೆಯಬೇಕು, ಅಂದರೆ ಆ ದಿನ ಬೆಳಗಿನ ಕ್ಲಾಸ್ ಹೋಯಿತು. ಈ ಮದ್ದಿಗೆ ಬಾಯಾರಿಕೆ ಜಾಸ್ತಿ, ಆಗಾಗ ಮೂತ್ರಕ್ಕೆ ಹೋಗಬೇಕು. ನೀರು ಕಡಿಮೆ ಕುಡಿದರೆ ಮದ್ದು ರಕ್ತದಲ್ಲಿ ಏರಿ ವಿಷವಾಗಬಹುದು. ಬರೆಯುವಾಗ ಕೈ ನಡುಗುತ್ತದೆ. ಇಷ್ಟನ್ನು ಡಿಗ್ರಿ ಮುಗಿಯುವವರೆಗೆ ಯಾವ ಸುಳ್ಳಿನಿಂದ ಮುಚ್ಚಲಿ?

ಯಾರಿಗೆ ಹೇಳುವುದು ಎಂದು ಯೋಚಿಸಲು ಬಹಳ ಹೊತ್ತು ಹಿಡಿಯಿತು. ಮನಸ್ಸು ಮೊದಲು ಹೋದದ್ದು ಕನ್ನಡ ವಿಭಾಗದ ಒಬ್ಬರು ಸಾರ್ ಕಡೆಗೆ. ನನ್ನ ಭಾಷೆ, ನನ್ನ ಊರ ಕಡೆಯವರು, ತುಂಬ ಒಳ್ಳೆಯವರು. ಆದರೆ ಬದಿಯಡ್ಕ, ಪೆರ್ಲ, ಕುಂಬಳೆ ಅಂದರೆ ನಾವು ಕನ್ನಡದವರು ಒಬ್ಬರಿಗೊಬ್ಬರು ಗೊತ್ತಿರುವವರೇ. ಒಂದು ಮದುವೆ ಊಟದ ಪಂಕ್ತಿಯಲ್ಲಿ ಅವರೂ ಇರುತ್ತಾರೆ, ನನ್ನ ಅಪ್ಪನೂ ಇರುತ್ತಾರೆ. ಅವರು ಬಾಯಿ ಬಿಡುವವರಲ್ಲ. ಆದರೂ ಆ ಪಂಕ್ತಿಯಲ್ಲಿ ಅವರು ನನ್ನನ್ನು ನೋಡುವ ನೋಟವನ್ನು ನೆನೆದೇ ನನಗೆ ಗಂಟಲು ಕಟ್ಟಿತು.

ನಮ್ಮ ಟ್ಯೂಟರ್ ಪಯ್ಯನ್ನೂರು ಕಡೆಯವರು, ಮಲಯಾಳಿ. ನನ್ನ ಮನೆ ಎಲ್ಲಿ ಎಂದೂ ಸರಿಯಾಗಿ ಗೊತ್ತಿಲ್ಲದವರು. ಅವರ ವಿಷಯದಲ್ಲಿ ಒಂದು ಘಟನೆ ಮನಸ್ಸಿನಲ್ಲಿ ಉಳಿದಿತ್ತು. ನಮ್ಮ ಕ್ಲಾಸಿನ ಒಬ್ಬ ಹುಡುಗನಿಗೆ ಫಿಟ್ಸ್ ಬಂದು ಬಿದ್ದಿದ್ದ. ಅವನು ನಾಲ್ಕು ದಿನ ಬರಲಿಲ್ಲ. ಏನಾಗಿದೆ ಟೀಚರ್ ಎಂದು ಎಲ್ಲರೂ ಕೇಳಿದೆವು. “ಅವನು ಬರ್ತಾನೆ, ಬಂದ ಮೇಲೆ ಅವನನ್ನೇ ಕೇಳಿ” ಎಂದು ಪಾಠ ಮುಂದುವರಿಸಿದರು. ಅವನು ಬಂದ ದಿನ ಅವನ ಬೆಂಚು ಕಿಟಕಿಯ ಸರಳುಗಳಿಂದ ಸ್ವಲ್ಪ ದೂರ ಸರಿದಿತ್ತು. ಯಾರ ಎದುರಿಗೂ ಒಂದು ಮಾತಿಲ್ಲ. ಎದುರಿಗೆ ಇಲ್ಲದವರ ಬಗ್ಗೆ ಹೀಗಿರುವವರು ನನ್ನ ಬಗ್ಗೆಯೂ ಹೀಗೆಯೇ ಇರುತ್ತಾರೆ ಎಂದು ನಂಬಿದೆ.

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯ ವಿಷಯ ಗುಟ್ಟಾಗಿ ಇಡಬೇಕು ಎಂದು ಇದೆ. ಆದರೆ ಆ ಹೊಣೆ ಇರುವುದು ಚಿಕಿತ್ಸೆ ಕೊಡುವವರ ಮೇಲೆ. ಟೀಚರಿಗೆ ಹೇಳಿದ ಮೇಲೆ ಅವರ ಮನಸ್ಸೇ ಕಾನೂನು. ಅದಕ್ಕೇ ಇಷ್ಟು ಲೆಕ್ಕ ಹಾಕಿದ್ದು.

ಹೇಳುವ ಮಾತನ್ನು ಮೊದಲು ಕನ್ನಡದಲ್ಲಿ ಬರೆದೆ. ಒಂದೂವರೆ ಪುಟ ಆಯಿತು. ಓದಿದರೆ ಅದು ಅಮ್ಮ ಹೇಳಿದ್ದ ಹಾಗೆಯೇ ಇತ್ತು, ಎಲ್ಲ ನೋವು, ಎಲ್ಲ ಕಥೆ. ಹೊಡೆದು ಹಾಕುತ್ತಾ ಬಂದೆ. ಕೊನೆಗೆ ಉಳಿದದ್ದು ಇಷ್ಟು: ನನಗೆ ಮನಸ್ಸಿಗೆ ಸಂಬಂಧಪಟ್ಟ ಒಂದು ಕಾಯಿಲೆ ಇದೆ, ಡಾಕ್ಟರು ನೋಡುತ್ತಿದ್ದಾರೆ, ಮದ್ದು ತಿನ್ನುತ್ತಿದ್ದೇನೆ. ಕೆಲವು ತಿಂಗಳಿಗೊಮ್ಮೆ ಒಂದು ಬೆಳಿಗ್ಗೆ ಬರಲು ಆಗುವುದಿಲ್ಲ. ಕ್ಲಾಸಿನಲ್ಲಿ, ಪರೀಕ್ಷೆಯಲ್ಲಿ ನೀರು ಬೇಕು, ಮಧ್ಯೆ ಹೊರಗೆ ಹೋಗಬೇಕು. ಈ ಕಾಗದ ನೇರ ನಿಮ್ಮ ಕೈಗೆ ಕೊಡುತ್ತಿದ್ದೇನೆ. ಆಮೇಲೆ ಅದನ್ನು ಮಲಯಾಳದಲ್ಲಿ ಹೇಳಿ ಅಭ್ಯಾಸ ಮಾಡಿದೆ, ಬಸ್ಸಿನಲ್ಲಿ, ಬಾಯಿ ಆಡಿಸದೆ. ಬೇರೆ ಭಾಷೆಯಲ್ಲಿ ಹೇಳುವಾಗ ಅಳು ಅಷ್ಟು ಬೇಗ ಬರುವುದಿಲ್ಲ ಎಂದು ಆಗ ತಿಳಿಯಿತು.

ಸಂಜೆ ಕ್ಲಾಸ್ ಬಿಟ್ಟ ಮೇಲೆ ಲೈಬ್ರರಿ ಪಕ್ಕದ ವರಾಂಡದಲ್ಲಿ ಹೇಳಿದೆ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಟೀಚರ್ ಕಾಗದ ಓದಿ, ಆ ತಲೆಬರಹ ಒಳಗೆ ಬರುವ ಹಾಗೆ ಮಡಚಿದರು. ರೋಗದ ಹೆಸರು ಕೇಳಲಿಲ್ಲ. “ಇದನ್ನು ಇನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು? ನೀನೇ ಹೇಳು” ಎಂದರು. ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ನನ್ನಲ್ಲಿ ಕೇಳಿರಲಿಲ್ಲ. ಅಭ್ಯಾಸ ಮಾಡಿದ ಮಲಯಾಳ ಎಲ್ಲ ಮರೆತುಹೋಯಿತು. ಕನ್ನಡದಲ್ಲೇ ಅತ್ತೆ.

ರೋಗದ ಹೆಸರು ನಾನೇ ಹೇಳಿದೆ, ಆರು ವಾರದ ನಂತರ, ನಂಬಿಕೆ ಗಟ್ಟಿಯಾದ ಮೇಲೆ.

ಅಲ್ಲಿಂದ ಎಲ್ಲ ಸರಾಗ ಎಂದು ಹೇಳಿದರೆ ಸುಳ್ಳಾಗುತ್ತದೆ. ಇಂಟರ್ನಲ್ ಮಾರ್ಕ್ ಬಗ್ಗೆ ನಾನು ಒಂದು ದಿನ ಏರುದನಿಯಲ್ಲಿ ವಾದ ಮಾಡಿದೆ. ಟೀಚರ್ ಬದಿಗೆ ಕರೆದು ಮೆಲ್ಲನೆ ಕೇಳಿದರು, “ಮದ್ದು ತಿಂತಿದ್ದೀಯಲ್ಲ?” ಪ್ರೀತಿಯಿಂದಲೇ ಕೇಳಿದ್ದು. ಆದರೆ ನನ್ನ ಕೋಪ ಆಗ ನನ್ನ ಕೋಪವಾಗಿ ಉಳಿಯಲಿಲ್ಲ, ರೋಗವಾಗಿಬಿಟ್ಟಿತು. ಹೇಳಿಕೊಂಡದ್ದಕ್ಕೆ ಕೊಟ್ಟ ಬೆಲೆಗಳಲ್ಲಿ ಇದೇ ದೊಡ್ಡದು. ಎರಡು ದಿನ ಬಿಟ್ಟು ಮತ್ತೆ ಹೋದೆ. “ಟೀಚರ್, ನಾನು ನಿದ್ದೆ ಬಿಟ್ಟಿದ್ದೇನೆ ಅನಿಸಿದರೆ, ಒಂದರಿಂದ ಇನ್ನೊಂದಕ್ಕೆ ಹಾರುತ್ತಾ ಮಾತಾಡಿದರೆ, ಇದ್ದಕ್ಕಿದ್ದ ಹಾಗೆ ಹಣ ಖರ್ಚು ಮಾಡಿದರೆ, ಅಮ್ಮನಿಗೆ ಫೋನ್ ಮಾಡಿ. ಮಾರ್ಕ್ ಕಡಿಮೆ ಬಂದಾಗ ಸಿಟ್ಟು ಬಂದರೆ ಅದು ಬರೀ ಸಿಟ್ಟು” ಎಂದೆ. ಅವರು ಅಮ್ಮನ ನಂಬರ್ ಬರೆದುಕೊಂಡರು. ಮಾರ್ಕ್ ಕೂಡ ಮತ್ತೊಮ್ಮೆ ನೋಡಿದರು, ಎರಡು ಸಿಕ್ಕಿತು.

ಪರೀಕ್ಷೆಯಲ್ಲಿ ನನ್ನ ಜಾಗ ಬಾಗಿಲ ಹತ್ತಿರ ಇತ್ತು. ಹಾಲ್‌ನಲ್ಲಿದ್ದ ಸಾರ್‌ಗೆ ‘ಮೂತ್ರದ ತೊಂದರೆ’ ಎಂದಷ್ಟೇ ಗೊತ್ತಿತ್ತು. ಅವರಿಗೆ ಅಷ್ಟು ಸಾಕಿತ್ತು.

ಕನ್ನಡ ಸಾರ್ ಮೊನ್ನೆ ಬದಿಯಡ್ಕದಲ್ಲಿ ಒಂದು ಮದುವೆಯಲ್ಲಿ ಸಿಕ್ಕಿದರು. “ಹೇಗಿದ್ದೀ ಮಾರಾಯ್ತಿ, ತೋರುವುದೇ ಇಲ್ಲವಲ್ಲ” ಎಂದರು. ಚೆನ್ನಾಗಿದ್ದೇನೆ ಸಾರ್ ಎಂದೆ. ಅವರು ಪಂಕ್ತಿಯಲ್ಲಿ ನನ್ನ ಅಪ್ಪನ ಪಕ್ಕದಲ್ಲೇ ಕುಳಿತರು. ಅವರಿಗೆ ಗೊತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ನಾನು ನೀರಿನ ಜಗ್ ಹಿಡಿದು ಬಡಿಸುತ್ತಿದ್ದೆ. ಕೈ ಸ್ವಲ್ಪ ನಡುಗಿತು. ಅವರು ಲೋಟವನ್ನು ಜಗ್‌ನ ಹತ್ತಿರಕ್ಕೆ ತಂದು ಹಿಡಿದರು.